ಪಿನ್ ಹೊಡೆದ ಪುಟ

ಮನೋಹರನ ತಲೆಗೆ ಒಂಬತ್ತು ಹೊಲಿಗೆ ಹಾಕಿ ಮುಗಿಸುವವರೆಗೂ ಅವನಪ್ಪ ಗಂಗಣ್ಣ ಹೊರಗೆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ನಡುಮನೆಯಲ್ಲಿ ಮಂಡಿಯೂರಿ ಹೊಲಿಯುತ್ತಿದ್ದ ನರ್ಸ್ ಆದಿಲಕ್ಷ್ಮಮ್ಮನಿಗೆ ಅವನು ಸೊರ್ರನೆ ಹೀರುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮರಗಟ್ಟಿಸುವ ಇಂಜೆಕ್ಷನ್ ಆರೋಗ್ಯ ಉಪಕೇಂದ್ರದಲ್ಲಿ ಮುಗಿದು ತಿಂಗಳಾಗಿತ್ತು. ಹೆರಿಗೆಗೆಂದು ಇಟ್ಟುಕೊಂಡಿದ್ದ ಸೂಜಿದಾರದಲ್ಲೇ ಹೊಲಿಯಬೇಕಾಯಿತು. ಹುಡುಗ ಚೀರಲಿಲ್ಲ. ಹತ್ತೊಂಬತ್ತು ವರ್ಷದ ಗಟ್ಟಿ ಆಳು, ತಾಯಿಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದ. ಎರಡು ಕಣ್ಣೂ ಊದಿ ಮುಚ್ಚಿಹೋಗಿದ್ದವು. ಮೂಗಿನ ಸುತ್ತ ಚರ್ಮ ಸುಲಿದು ಕೆಂಪಗಾಗಿತ್ತು.

"ದ್ರಾಕ್ಷಿ ಚಪ್ಪರದಿಂದ ಬಿದ್ದ ಕಣಮ್ಮ," ಎಂದಳು ಅವನ ತಾಯಿ ಅಮ್ಮಯಮ್ಮ. ಉಪಕೇಂದ್ರಕ್ಕೆ ಓಡಿಬಂದು ಕರೆದಾಗಲೂ ಅದನ್ನೇ ಹೇಳಿದ್ದಳು, ದಾರಿಯುದ್ದಕ್ಕೂ ಅದನ್ನೇ ಹೇಳುತ್ತ ಬಂದಿದ್ದಳು.

ಆದಿಲಕ್ಷ್ಮಮ್ಮ ದಾರ ಕತ್ತರಿಸಿ, ಹುಡುಗನ ಅಂಗಿಯನ್ನು ಮೇಲಕ್ಕೆತ್ತಿ ಬೆನ್ನು ನೋಡಿದಳು. ಬೆನ್ನ ತುಂಬ ಬಾಸುಂಡೆ. ಒಂದೊಂದರ ತುದಿಯಲ್ಲೂ ಚೌಕಾಕಾರದ ಬಕಲ್ ಗುರುತು.

"ಚಪ್ಪರ ಬೆಲ್ಟ್ ಕಟ್ಕೊಂಡಿತ್ತಾ, ಅಮ್ಮಯಮ್ಮ?"

ಅಮ್ಮಯಮ್ಮ ತಲೆ ತಗ್ಗಿಸಿದಳು. ಮನೆಯಲ್ಲಿ ಸುಟ್ಟ ಮೆಣಸಿನಕಾಯಿ ಘಾಟು ಇನ್ನೂ ಆರಿರಲಿಲ್ಲ. ಒಳಗೆ ಕಾಲಿಟ್ಟಾಗಿನಿಂದ ಆದಿಲಕ್ಷ್ಮಮ್ಮ ಕೆಮ್ಮುತ್ತಲೇ ಇದ್ದಳು. ಹುಡುಗನ ಕಣ್ಣು ಯಾಕೆ ಹಾಗಾಯಿತೆಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಅವಳು ಚಿಕ್ಕತಿಮ್ಮಸಂದ್ರದ ಉಪಕೇಂದ್ರಕ್ಕೆ ನರ್ಸಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳನ್ನು ಹೊಸಕೋಟೆಗೆ ಕೊಟ್ಟಿದ್ದಳು. ಆವತಿಯ ಈಚೆಗಿನ ಐದು ಹಳ್ಳಿಗಳಲ್ಲಿ ಇಪ್ಪತ್ತರೊಳಗಿನ ಮಕ್ಕಳಲ್ಲಿ ಅರ್ಧಕ್ಕರ್ಧ ಅವಳ ಕೈಯಲ್ಲೇ ಹುಟ್ಟಿದವು. ಯಾವ ಮನೆಗೂ ಬಾಗಿಲು ತಟ್ಟದೆ ಹೋಗುವ ಹಕ್ಕು ಅವಳಿಗಿತ್ತು. ಗಂಗಣ್ಣ ಆ ಹಕ್ಕಿಗೂ ಒಂದು ಮಿತಿಯುಂಟೆಂದು ಅವತ್ತು ತಿಳಿಸಿಕೊಟ್ಟ. ಅವನು ಗ್ರಾಮ ಪಂಚಾಯ್ತಿ ಸದಸ್ಯ, ಹಾಲಿನ ಡೈರಿ ಅಧ್ಯಕ್ಷ, ನಾಲ್ಕು ಎಕರೆ ದ್ರಾಕ್ಷಿ ತೋಟದ ಯಜಮಾನ.

"ಆಯ್ತಾ ನರ್ಸಮ್ಮ? ಕೂತ್ಕಳಿ, ಕಾಫಿ ಕುಡ್ಕಂಡು ಹೋಗಿ," ಎಂದ, ಅವಳು ಹೊರಗೆ ಬಂದಾಗ.

"ಅದು ಬಿದ್ದ ಗಾಯ ಅಲ್ಲ ಗಂಗಣ್ಣನೋರೆ."

"ನಮ್ಮನೆ ವಿಷ್ಯ ಅದು. ನಿಮ್ದು ಸೂಜಿ ಮಾತ್ರೆ ಕೆಲ್ಸ. ಅಷ್ಟು ಮಾಡಿ, ಸಾಕು." ಲೋಟವನ್ನು ಜಗಲಿಯ ಮೇಲೆ ಕವುಚಿ ಹಾಕಿ ಎದ್ದು ಹೋದ.

ನಾಲ್ಕನೆಯ ದಿನ ಹೊಲಿಗೆಗೆ ಔಷಧಿ ಹಚ್ಚಿಸಿಕೊಳ್ಳಲು ಮನೋಹರ ಒಬ್ಬನೇ ಉಪಕೇಂದ್ರಕ್ಕೆ ಬಂದ. ಕಣ್ಣು ಸ್ವಲ್ಪ ಬಿಟ್ಟುಕೊಂಡಿದ್ದವು. ಬೆಂಚಿನ ಮೇಲೆ ಕೂತು, ಗೋಡೆಯ ಮೇಲಿನ ಲಸಿಕೆ ಪಟ್ಟಿ ನೋಡುತ್ತ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ ಹೇಳಿದ.

ದೇವನಹಳ್ಳಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಅಂಜನ್ ಅವನಿಗೆ ಎರಡು ವರ್ಷದಿಂದ ಬೇಕಾದವನು. ಬೇಕಾದವನು ಎಂದರೆ ಗಂಡ ಹೆಂಡಿರ ಹಾಗೆ, ಬಿಟ್ಟಿರಲಾರದ ಹಾಗೆ. ತೋಟದ ಪಂಪ್‌ಸೆಟ್ ಮನೆಯಲ್ಲಿ ಇಬ್ಬರೂ ಇದ್ದಾಗ ದೊಡ್ಡಪ್ಪನ ಮಗ ನೋಡಿ ಅಪ್ಪನಿಗೆ ಹೇಳಿದ. ಅವತ್ತೇ ಗಂಗಣ್ಣನ ಕಡೆಯವರು ಹೋಗಿ ಅಂಜನ್‌ನ ಹೊಲಿಗೆ ಮಿಷನ್ ತಂದು ರಸ್ತೆಗೆ ಎಸೆದರು. ಅವನು ಉಟ್ಟ ಬಟ್ಟೆಯಲ್ಲೇ ಹಿಂದೂಪುರದ ಅಕ್ಕನ ಮನೆಗೆ ಬಸ್ಸು ಹತ್ತಿದನಂತೆ. ಮನೋಹರನಿಗೆ ಮೊದಲು ಬೆಲ್ಟು, ಆಮೇಲೆ ಮಂತ್ರವಾದಿ. ಹೆಣ್ಣಿನ ಗಾಳಿ ಮೈಗೆ ಸೇರಿದೆ, ಮೆಣಸಿನಕಾಯಿ ಹೊಗೆ ಕೊಟ್ಟರೆ ಬಿಟ್ಟುಹೋಗುತ್ತೆ ಎಂದು ಅವನು ಹೇಳಿದ್ದ. ಉಸಿರು ಕಟ್ಟಿ ಮನೋಹರ ಕೊಸರಿಕೊಂಡಾಗ ತಲೆ ಒರಳುಕಲ್ಲಿಗೆ ಬಡಿದು ಒಡೆಯಿತು.

"ಹೊಗೆ ಹಾಕ್ವಾಗ ನಮ್ಮವ್ವನೇ ತಲೆ ಹಿಡ್ಕಂಡಿದ್ಲು ನರ್ಸಮ್ಮ. ನಂಗೆ ಒಳ್ಳೇದಾಗ್ಲಿ ಅಂತಾನೆ ಹಿಡ್ಕಂಡ್ಲು. ಬರೋ ತಿಂಗ್ಳು ಮದ್ವೆಯಂತೆ. ಮಾವನ ಮಗ್ಳು ಅಕ್ಷತನ ಜೊತೆ."

"ನೀನು ಮೊದಲೇ ಯಾರಿಗಾದ್ರೂ ಹೇಳ್ಬೇಕಾಗಿತ್ತು ಕಣಪ್ಪ."

ಹುಡುಗ ಲಸಿಕೆ ಪಟ್ಟಿಯಿಂದ ಕಣ್ಣು ಕಿತ್ತು ಅವಳ ಮುಖವನ್ನೇ ನೋಡಿದ. "ನಿಮ್ಗೇ ಹೇಳಿದ್ನಲ್ಲ. ಮೂರು ವರ್ಷದ ಹಿಂದೆ. ಇದೇ ಬೆಂಚ್ ಮ್ಯಾಲೆ ಕೂತ್ಕಂಡು."

ಆದಿಲಕ್ಷ್ಮಮ್ಮ ಕೈಯಲ್ಲಿದ್ದ ಹತ್ತಿಯನ್ನು ತಟ್ಟೆಗೆ ಹಾಕಿದಳು. ನೆನಪಾಯಿತು. ಹದಿನಾರರ ಹುಡುಗ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬಂದು, ನನಗೆ ಹುಡುಗಿಯರ ಮೇಲೆ ಮನಸ್ಸು ಹೋಗಲ್ಲ, ಹುಡುಗರ ಮೇಲೇ ಹೋಗುತ್ತೆ, ಇದಕ್ಕೇನಾದರೂ ಇಂಜೆಕ್ಷನ್ ಇದೆಯಾ ಎಂದು ಕೇಳಿದ್ದ. ಅವಳು ನಕ್ಕಿದ್ದಳು. ವಯಸ್ಸಿನ ಹುಚ್ಚು, ಓದಿನ ಕಡೆ ಗಮನ ಕೊಡು, ಬೆಳಿಗ್ಗೆ ಎದ್ದು ಬಸ್ಕಿ ಹೊಡಿ ಎಂದಿದ್ದಳು. ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಪೊಟ್ಟಣ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟಿದ್ದಳು. ಅವನು ನಿಯತ್ತಾಗಿ ದಿನಕ್ಕೊಂದು ನುಂಗಿ, ಮುಗಿದ ಮೇಲೆ ಇನ್ನೊಂದು ಪೊಟ್ಟಣಕ್ಕೂ ಬಂದಿದ್ದ. ಆಗಲೂ ಕೊಟ್ಟು ಕಳಿಸಿದ್ದಳು.

ಅವತ್ತಿನಿಂದ ಅವಳಿಗೆ ಕೋಪ ಹತ್ತಿತು. ಗಂಗಣ್ಣನ ಮೇಲಿದ್ದ ಕೋಪವನ್ನು ಅವಳು ಹೇಗೋ ಹೊರುತ್ತಿದ್ದಳು. ತನ್ನ ಮೇಲೆ ಬಂದ ಕೋಪವನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಅನ್ನ ಕಲಸಿ ಕೂತರೆ ಆ ಮಾತ್ರೆಯ ಪೊಟ್ಟಣ ಕಣ್ಣಿಗೆ ಬರುತ್ತಿತ್ತು, ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು.

ಮಾರನೆಯ ದಿನ ಪೊಲೀಸ್ ಠಾಣೆಗೆ ಹೋದಳು. ಸಬ್ ಇನ್ಸ್‌ಪೆಕ್ಟರು ಮರ್ಯಾದೆಯವನು, ಕುರ್ಚಿ ಕೊಟ್ಟು ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು, "ಸಿಸ್ಟರ್, ನಾನು ಬರ್ಕೊಂಡ್ರೆ ಕೇಸು ಆ ಹುಡುಗನ ಮೇಲೆ ಬೀಳುತ್ತೆ. ಗಂಡು ಗಂಡು ಸೇರೋದೇ ಅಪರಾಧ, ಕಾನೂನು ಇರೋದೇ ಹಂಗೆ. ಹೊಡೆದೋನು ಅಪ್ಪ. ಸುಮ್ನೆ ಮನೆಗೆ ಹೋಗಿ," ಎಂದ. ಅವನು ಬೈದು ಕಳಿಸಿದ್ದರೆ ವಾಸಿಯಿತ್ತು. ಬಸ್ಸಿನಲ್ಲಿ ಬರುತ್ತ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಪಕ್ಕದಲ್ಲಿದ್ದ ಹೆಂಗಸು ಚಳಿಜ್ವರ ಇರಬೇಕೆಂದು ಸರಿದು ಕೂತಳು.

ಆ ವಾರವೇ ತಾಲ್ಲೂಕಿನಿಂದ ಸುತ್ತೋಲೆ ಬಂತು. ಹದಿಹರೆಯದವರ ಆರೋಗ್ಯ ಮತ್ತು ಏಡ್ಸ್ ಅರಿವಿನ ಬಗ್ಗೆ ಪ್ರತಿ ಉಪಕೇಂದ್ರದಲ್ಲೂ ಒಂದು ದಿನದ ತರಬೇತಿ ನಡೆಸಬೇಕು. ಅಂಗನವಾಡಿ ಶಿಕ್ಷಕಿಯರು, ಮುಖ್ಯೋಪಾಧ್ಯಾಯರು, ಪಂಚಾಯ್ತಿ ಸದಸ್ಯರು, ಮಹಿಳಾ ಸಂಘ, ಯುವಕ ಸಂಘದವರೆಲ್ಲ ಬರಬೇಕು. ನಡೆಸಿಕೊಡಬೇಕಾದವಳು ಆಯಾ ಉಪಕೇಂದ್ರದ ನರ್ಸು. ಜೊತೆಗೆ ನಲವತ್ತು ಪುಸ್ತಿಕೆಗಳ ಕಟ್ಟು.

ಈ ಪುಸ್ತಿಕೆಯನ್ನು ಅವಳು ಮೊದಲೇ ಬಲ್ಲಳು. ಹಿಂದಿನ ತಿಂಗಳು ನರ್ಸುಗಳನ್ನೆಲ್ಲ ಬೆಂಗಳೂರಿಗೆ ಕರೆಸಿ ಇದರ ಮೇಲೇ ಪಾಠ ಮಾಡಿದ್ದರು. ಪಾಠ ಮಾಡಿದವಳು ಡಾಕ್ಟರ್ ಚೈತ್ರ, ಮೂವತ್ತು ದಾಟದ ಹೆಣ್ಣುಮಗಳು. ಹದಿನಾಲ್ಕನೇ ಪುಟ ತೆಗೆದು, "ಗಂಡಸರನ್ನೇ ಇಷ್ಟಪಡೋ ಗಂಡುಮಕ್ಕಳು, ಹೆಂಗಸರನ್ನೇ ಇಷ್ಟಪಡೋ ಹೆಣ್ಣುಮಕ್ಕಳು ನಿಮ್ಮ ಪ್ರತಿ ಊರಲ್ಲೂ ಇದ್ದಾರೆ," ಎಂದಾಗ ನಲವತ್ತು ನರ್ಸುಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಆದಿಲಕ್ಷ್ಮಮ್ಮನೂ ನಕ್ಕಿದ್ದಳು. ಚೈತ್ರ ಕೈಕಟ್ಟಿ ನಿಂತು ಕಾದಿದ್ದಳು. "ನಗು ಮುಗೀತಾ? ಇದು ಕಾಯಿಲೆ ಅಲ್ಲ. ಡಾಕ್ಟರುಗಳ ಕಾಯಿಲೆ ಪಟ್ಟಿಯಿಂದ ತೆಗೆದು ವರ್ಷಗಳೇ ಆದ್ವು. ಇದಕ್ಕೆ ಔಷಧಿ ಇಲ್ಲ, ಯಾಕಂದ್ರೆ ರೋಗ ಇಲ್ಲ. ಇವರಿಗೆ ಬೀಳೋ ಏಟಿಗೆ ಮಾತ್ರ ಔಷಧಿ ಬೇಕಾಗುತ್ತೆ. ಅಂಥ ಮಗು ನಿಮ್ಮ ಹತ್ತಿರ ಬಂದು ಹೇಳಿಕೊಂಡ್ರೆ, ಅದು ಜೀವ ಕೈಯಲ್ಲಿ ಹಿಡ್ಕೊಂಡು ಬಂದಿದೆ ಅಂತ ತಿಳ್ಕೊಳಿ." ಆ ಮಾತು ಕೇಳುವಾಗಲೂ ಆದಿಲಕ್ಷ್ಮಮ್ಮನಿಗೆ ಮನೋಹರ ನೆನಪಾಗಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಸೇರಿ ಚೈತ್ರಳ ದನಿಯನ್ನು ಅಣಕಿಸಿದ್ದರು.

ಈಗ ಬಂದ ನಲವತ್ತು ಪುಸ್ತಿಕೆಗಳಲ್ಲೂ ಹದಿಮೂರು ಮತ್ತು ಹದಿನೈದನೇ ಪುಟಗಳನ್ನು ಒಂದಕ್ಕೊಂದು ಸೇರಿಸಿ, ಮೂರು ಕಡೆ ಸ್ಟೇಪ್ಲರ್ ಪಿನ್ ಹೊಡೆದಿದ್ದರು. ಮೇಲೆ ಕೆಂಪು ಶಾಯಿಯ ಮೊಹರು: ಗ್ರಾಮೀಣ ಪ್ರದೇಶಕ್ಕೆ ಅನ್ವಯಿಸುವುದಿಲ್ಲ.

ಆದಿಲಕ್ಷ್ಮಮ್ಮ ಆ ಮೊಹರನ್ನು ಮೂರು ಸಲ ಓದಿದಳು. ಗ್ರಾಮೀಣ ಪ್ರದೇಶಕ್ಕೆ ಬೆಲ್ಟ್ ಅನ್ವಯಿಸುತ್ತೆ, ಮೆಣಸಿನಕಾಯಿ ಹೊಗೆ ಅನ್ವಯಿಸುತ್ತೆ, ಈ ಒಂದು ಪುಟ ಅನ್ವಯಿಸಲ್ಲ! ಹೊಲಿಗೆ ಬಿಚ್ಚುವ ಕತ್ತರಿ ತಂದು ಮೊದಲ ಪುಸ್ತಿಕೆಯ ಪಿನ್ ಎಬ್ಬಿಸಿದಳು. ಆಮೇಲೆ ಉಳಿದವನ್ನು ಹಾಗೇ ಬಿಟ್ಟಳು. ಅವರವರ ಪಿನ್ನು ಅವರವರೇ ಕೀಳಲಿ.

ತರಬೇತಿಗೆ ಮುಂಚೆ ಮನೋಹರನನ್ನು ಕೇಳಿದಳು. "ನಾನು ಮಾತಾಡ್ಬೇಕು ಅಂತಿದ್ದೀನಿ ಮಗಾ. ನಿನ್ನ ಹೆಸರು ತೆಗೆಯಲ್ಲ. ಬೇಡ ಅಂದ್ರೆ ಬಾಯೇ ಬಿಡಲ್ಲ."

"ಮಾತಾಡಿ. ಊರಿಗೆಲ್ಲ ಗೊತ್ತಿರೋದೇ. ಆದ್ರೆ ಹೆಸ್ರು ಮಾತ್ರ ಬ್ಯಾಡ," ಎಂದ ಅವನು.

ಶಾಲೆಯ ಹಾಲ್‌ನಲ್ಲಿ ಮೂವತ್ತೊಂದು ಜನ ಸೇರಿದರು. ಪಂಚಾಯ್ತಿ ಪರವಾಗಿ ಉದ್ಘಾಟನೆ ಮಾಡಿದವನು ಗಂಗಣ್ಣ. ಚೆಂಡುಹೂವಿನ ಹಾರ ಹಾಕಿಸಿಕೊಂಡು, ಯುವಕರೇ ದೇಶದ ಆಸ್ತಿ, ಅವರನ್ನು ಕಣ್ಣಿನ ರೆಪ್ಪೆಯಂತೆ ಕಾಪಾಡುವುದು ಹಿರಿಯರ ಕರ್ತವ್ಯ ಎಂದ. ಜನ ಚಪ್ಪಾಳೆ ತಟ್ಟಿದರು. ಕಣ್ಣಿನ ರೆಪ್ಪೆ ಎಂಬ ಮಾತು ಅವನ ಬಾಯಲ್ಲಿ ಬಂದಾಗ ಆದಿಲಕ್ಷ್ಮಮ್ಮನ ಕಿವಿ ಬಿಸಿಯಾಯಿತು. ಮಹಿಳಾ ಸಂಘದವರ ಸಾಲಿನಲ್ಲಿ, ಕಂಬದ ಮರೆಗೆ, ಅಮ್ಮಯಮ್ಮ ಕೂತಿದ್ದಳು.

ಆದಿಲಕ್ಷ್ಮಮ್ಮ ಹನ್ನೆರಡು ಗಂಟೆಯವರೆಗೆ ಪುಸ್ತಿಕೆಯಲ್ಲಿದ್ದುದನ್ನೇ ಹೇಳಿದಳು. ಆಮೇಲೆ, "ಹದಿನಾಲ್ಕನೇ ಪುಟ ತೆಗೀರಿ," ಎಂದಳು.

ಮುಖ್ಯೋಪಾಧ್ಯಾಯ ಕಾಂತರಾಜು ಕನ್ನಡಕ ಸರಿಮಾಡಿಕೊಂಡ. "ಅದಕ್ಕೆ ಪಿನ್ ಹೊಡ್ದಿದ್ದಾರೆ ಮೇಡಂ."

"ಕೀಳಿ ಮೇಷ್ಟ್ರೇ. ಉಗುರಲ್ಲೇ ಬರುತ್ತೆ."

ಯಾರೂ ಕೀಳಲಿಲ್ಲ. ಸರಿ, ಪುಸ್ತಕ ಮಡಚಿಡಿ ಎಂದಳು. "ಒಂದು ಪ್ರಶ್ನೆ ಕೇಳ್ತೀನಿ. ಹದಿನಾರು ವರ್ಷದ ಒಬ್ಬ ಹುಡುಗ ನಿಮ್ಮ ಹತ್ರ ಬಂದು, ನಂಗೆ ಹುಡುಗೀರು ಬ್ಯಾಡ, ಹುಡುಗರ ಮೇಲೇ ಮನಸ್ಸು ಹೋಗುತ್ತೆ ಅಂತಾನೆ. ನೀವೇನು ಮಾಡ್ತೀರಿ?"

ಯುವಕ ಸಂಘದ ಬೆಂಚಿನಿಂದ ಕಿಸಕ್ಕನೆ ನಗು ಬಂತು. "ಸೀರೆ ಉಡ್ಸಿ ಕಳಿಸ್ತೀವಿ," ಎಂದ ಒಬ್ಬ. ಮದುವೆ ಮಾಡಿದರೆ ಸರಿಹೋಗುತ್ತೆ ಎಂದಳು ಒಬ್ಬ ಅಂಗನವಾಡಿ ಶಿಕ್ಷಕಿ. ಬೇರೆ ಮಕ್ಕಳು ಕೆಡಬಾರದು, ಟಿ.ಸಿ. ಕೊಟ್ಟು ಕಳಿಸಬೇಕಾಗುತ್ತೆ ಎಂದ ಕಾಂತರಾಜು. "ನಾಲ್ಕು ಬಿಗಿದ್ರೆ ಎಲ್ಲಾ ಇಳಿಯುತ್ತೆ," ಎಂದರು ಇನ್ನೊಬ್ಬರು ಪಂಚಾಯ್ತಿ ಸದಸ್ಯರು. ಗಂಗಣ್ಣ ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟ.

"ನಾನೇನು ಮಾಡ್ದೆ ಗೊತ್ತಾ? ನಕ್ಕೆ. ನಕ್ಕು, ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಕಳಿಸ್ದೆ. ಇಪ್ಪತ್ತು ವರ್ಷ ಸರ್ವೀಸ್ ಆದ ನರ್ಸು ನಾನು! ಆ ಮಗು ಅದನ್ನ ನಂಬಿ ಎರಡು ಪೊಟ್ಟಣ ನುಂಗ್ತು. ನಾನು ಅವತ್ತು, ಇದು ರೋಗ ಅಲ್ಲ ಕಣಪ್ಪ, ನಿನ್ನಲ್ಲಿ ಏನೂ ಕೆಟ್ಟಿಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ, ಅವ್ರಪ್ಪ ಅವ್ವನ್ನ ಕರ್ಸಿ ಕೂರ್ಸಿ ಹೇಳಿದ್ದಿದ್ರೆ, ಇವತ್ತು ಆ ಹುಡುಗನ ತಲೆ ಮೇಲೆ ಒಂಬತ್ತು ಹೊಲಿಗೆ ಇರ್ತಿರಲಿಲ್ಲ. ಬೆನ್ನ ಮೇಲೆ ಬಕಲ್ ಗುರುತು ಇರ್ತಿರಲಿಲ್ಲ. ನಾಯಿಗೂ ಯಾರೂ ಮೆಣಸಿನಕಾಯಿ ಹೊಗೆ ಹಾಕಲ್ಲ ಕಣ್ರಯ್ಯಾ!"

ನಗು ನಿಂತಿತ್ತು. ಗಂಗಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. "ಯಾವ್ ಹುಡ್ಗ? ಹೆಸ್ರು ಹೇಳಮ್ಮ ನೋಡೋಣ!"

"ಹೇಳಲ್ಲ. ಅವನ ಹೆಸರು ಅವನದು. ಹೊಡೆದೋರ ಹೆಸರು ಬೇಕಾ? ಅದನ್ನ ಬೇಕಾದ್ರೆ ಹೇಳ್ತೀನಿ."

"ಸರ್ಕಾರಿ ಸಂಬ್ಳ ತಗಂಡು ಹಳ್ಳಿ ಮಕ್ಳಿಗೆ ಇಂಥ ಹೊಲಸು ಹೇಳ್ಕೊಡ್ತೀಯಾ? ಪಟ್ಟಣದ ರೋಗ ಇದು. ಇದುವರ್ಗೂ ನಮ್ಮೂರಲ್ಲಿ..."

"ನನ್ ಮಗ."

ಕಂಬದ ಮರೆಯಿಂದ ಬಂದ ದನಿ. ಅಮ್ಮಯಮ್ಮ ಎದ್ದು ನಿಂತಿದ್ದಳು. ಮೂವತ್ತು ಜನರ ಮುಂದೆ ಗಂಡನ ಮಾತು ತಡೆದವಳು ಅವಳು ಅವತ್ತೇ ಮೊದಲು. "ನನ್ ಮಗ ಅವ್ನು. ಊರಿಗೆಲ್ಲ ಗೊತ್ತಿಲ್ವಾ? ಯಾಕ್ ಸುಮ್ನೆ ಕೇಳ್ತೀಯ?" ಎಂದವಳು ಗಂಡನನ್ನು ಬಿಟ್ಟು ಆದಿಲಕ್ಷ್ಮಮ್ಮನ ಕಡೆ ತಿರುಗಿದಳು. ಅವಳ ಕೋಪವೆಲ್ಲ ಅತ್ತಲೇ ಹೊರಟಿತು. "ನೀನು ಬೋ ಚೆನ್ನಾಗ್ ಮಾತಾಡ್ತೀಯ ನರ್ಸಮ್ಮ. ಮೂರು ವರ್ಷದಿಂದ ಗೊತ್ತಿತ್ತಲ್ಲ ನಿಂಗೆ? ನಮ್ಮನೇಗೆ ಎಷ್ಟು ಸಲ ಬಂದೆ? ಎಷ್ಟು ಸಲ ಮಜ್ಜಿಗೆ ಕುಡ್ದೆ? ಒಂದು ಸಲ ನನ್ ಕಿವೀಲಿ ಹೇಳಕ್ಕೆ ಏನಾಗಿತ್ತು? ಅವನ ತಲೇನ ಈ ಕೈಲಿ ಹಿಡ್ದೆ ನಾನು. ದೆವ್ವ ಅಂದ್ರು, ನಂಬ್ದೆ. ನಂಗೆ ಯಾರ್ ಹೇಳ್ಕೊಟ್ಟಿದ್ರು? ಈಗ ಇಲ್ಲಿ ಬೋರ್ಡ್ ಹಾಕ್ಕಂಡು ಪಾಠ ಮಾಡ್ತಾಳೆ!"

"ತಪ್ಪಾಯ್ತು ಅಮ್ಮಯಮ್ಮ," ಎಂದಳು ಆದಿಲಕ್ಷ್ಮಮ್ಮ.

"ತಪ್ಪಾಯ್ತು ಅಂದ್ರೆ ನಂಗೇನ್ ಬಂತು? ಬರೋ ಸೋಮವಾರ ಮದ್ವೆ. ಆ ಮಗೀನ ಬಾಳೂ ಹಾಳು, ನನ್ ಮಗಂದೂ ಹಾಳು. ನಿಲ್ಸೋದು ಹೆಂಗೆ, ಅದ್ನ ಹೇಳ್ಕೊಡು. ಪುಸ್ತಕ ಓದಿ ಸಾಕು."

ಅದು ಪುಸ್ತಿಕೆಯ ಯಾವ ಪುಟದಲ್ಲೂ ಇರಲಿಲ್ಲ. ಆದಿಲಕ್ಷ್ಮಮ್ಮ ಹುಡುಗಿಯ ಹೆಸರನ್ನೇ ಹಿಡಿದು ಯೋಚಿಸಿದಳು. ಅಕ್ಷತ. ಅಮ್ಮಯಮ್ಮನ ತಮ್ಮನ ಮಗಳು. ಆ ಹೆರಿಗೆಯ ದಿನ ಕರೆಂಟು ಹೋಗಿ ಲಾಟೀನು ಹಿಡಿದುಕೊಂಡು... ತಟ್ಟನೆ ತಲೆ ಎತ್ತಿ ಅಂಗನವಾಡಿ ಶಿಕ್ಷಕಿ ಭಾಗ್ಯಮ್ಮನ ಕೈಗೆ ಉಪಕೇಂದ್ರದ ಬೀಗದ ಕೈ ಕೊಟ್ಟಳು. "ಭಾಗ್ಯ, ಬೀರೂ ಕೆಳಗಿನ ಅರೇಲಿ ಎಂಬತ್ತೆರಡನೇ ಇಸವಿ ಹುಟ್ಟಿನ ರಿಜಿಸ್ಟರ್ ಐತೆ. ಓಡು."

ಭಾಗ್ಯಮ್ಮ ತಂದ ರಿಜಿಸ್ಟರಿನ ಹಾಳೆಗಳ ಅಂಚನ್ನು ಹುಳ ತಿಂದಿತ್ತು. ಆದರೆ ಬರಹ ಆದಿಲಕ್ಷ್ಮಮ್ಮನದೇ. ಗಟ್ಟಿಯಾಗಿ ಓದಿದಳು. ಹೆಣ್ಣು ಮಗು. ಎಂಬತ್ತೆರಡನೇ ಇಸವಿ, ಡಿಸೆಂಬರ್ ಹನ್ನೊಂದು.

"ಇದು ತೊಂಬತ್ತೆಂಟರ ಆಗಸ್ಟು. ಹುಡುಗಿಗೆ ಇನ್ನೂ ಹದಿನಾರೂ ತುಂಬಿಲ್ಲ. ನಿಮ್ಮ ಹುಡುಗನಿಗೂ ಇಪ್ಪತ್ತೊಂದಾಗಿಲ್ಲ. ಮದುವೆ ಮಾಡಿದ್ರೆ ಮಾಡಿಸಿದೋರ ಮೇಲೆ ಕೇಸು ಗಂಗಣ್ಣನೋರೆ. ಪಂಚಾಯ್ತಿ ಸದಸ್ಯರು ಅಂತ ಬಿಡಲ್ಲ. ಇದರ ನಕಲು ನಾಳೆ ಬೆಳಿಗ್ಗೆ ತಹಸೀಲ್ದಾರ್ ಮೇಜಿನ ಮೇಲಿರುತ್ತೆ."

"ಅಮ್ಮಯಮ್ಮಂಗೆ ಹದಿನಾಲ್ಕಿರುವಾಗ ನಾನು ತಾಳಿ ಕಟ್ದೋನು. ಹಳ್ಳೀಲಿ ಯಾವನು ಕೇಳ್ತಾನೆ?"

"ನಾನು ಕೇಳ್ತೀನಿ."

ಗಂಗಣ್ಣ ಬಾಗಿಲ ಕಡೆ ನಡೆದ. ಯುವಕ ಸಂಘದವರು, ಉಳಿದ ಪಂಚಾಯ್ತಿ ಸದಸ್ಯರು ಅವನ ಹಿಂದೆಯೇ ಎದ್ದುಹೋದರು. ಹಾಲ್‌ನಲ್ಲಿ ಹದಿಮೂರು ಜನ ಉಳಿದರು, ಕಾಂತರಾಜುವನ್ನು ಬಿಟ್ಟರೆ ಎಲ್ಲರೂ ಹೆಂಗಸರು. ಮದುವೆ ತಡೆಯಿರೆಂದು ತಹಸೀಲ್ದಾರರಿಗೆ ಅರ್ಜಿ ಬರೆದು ಮುಂದಿಟ್ಟಾಗ ಭಾಗ್ಯಮ್ಮ ಮೊದಲು ಸಹಿ ಹಾಕಿದಳು. ಅಮ್ಮಯಮ್ಮ ಹೆಬ್ಬೆಟ್ಟು ಒತ್ತಿದಳು. ಇನ್ನು ಐವರು ಹಾಕಿದರು. ಕಾಂತರಾಜು ಪೆನ್ನು ತೆಗೆದ, ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ. "ನಂದು ಸರ್ಕಾರಿ ಕೆಲ್ಸ ಮೇಡಂ," ಎಂದ. "ನಂದೂ ಸರ್ಕಾರಿ ಕೆಲಸಾನೇ ಮೇಷ್ಟ್ರೇ," ಎಂದಳು ಆದಿಲಕ್ಷ್ಮಮ್ಮ. ಅವನು ಆಮೇಲೂ ಹಾಕಲಿಲ್ಲ.

ಮದುವೆ ನಿಂತಿತು. ತಹಸೀಲ್ದಾರರ ಕಚೇರಿಯಿಂದ ಒಬ್ಬ ಗುಮಾಸ್ತ ಬಂದು ಎರಡೂ ಮನೆಯಲ್ಲಿ ಕೂತು ಮಾತಾಡಿ ಹೋದ. ಮುಹೂರ್ತ ಕೂಡಿಬರಲಿಲ್ಲ ಎಂದು ಗಂಗಣ್ಣ ಊರಿಗೆ ಹೇಳಿಕೊಂಡ. ಗೆದ್ದೆವೆಂದು ಭಾಗ್ಯಮ್ಮ ಉಪಕೇಂದ್ರಕ್ಕೆ ಬೆಲ್ಲದ ಪೊಂಗಲು ಮಾಡಿಕೊಂಡು ಬಂದಳು. ಆದಿಲಕ್ಷ್ಮಮ್ಮ ಅದನ್ನು ಪಕ್ಕಕ್ಕೆ ಸರಿಸಿದಳು. "ಆ ಹುಡುಗಿಗೆ ಹದಿನೆಂಟು, ಇವನಿಗೆ ಇಪ್ಪತ್ತೊಂದು ದಾಟಿದ್ದಿದ್ರೆ ಏನು ಮಾಡ್ತಿದ್ವಿ ಭಾಗ್ಯ? ಯಾವ ರಿಜಿಸ್ಟರ್ ತೆಗೀತಿದ್ದೆ ನಾನು? ಅವನ ತಲೆ ಒಡೆದಿದ್ದು ಯಾವ ಕಾನೂನಿಗೂ ಕಾಣಲಿಲ್ಲ. ವಯಸ್ಸಿನ ಲೆಕ್ಕದಲ್ಲಿ ಬಚಾವಾದ ಅಷ್ಟೆ."

ಹದಿನೈದು ದಿನಕ್ಕೆ ನೋಟಿಸು ಬಂತು. ಇಲಾಖೆ ತಡೆಹಿಡಿದ ವಿಷಯವನ್ನು ಸಾರ್ವಜನಿಕರ ಮುಂದೆ ಪ್ರಸ್ತಾಪಿಸಿ ಗ್ರಾಮದ ಶಾಂತಿ ಕೆಡಿಸಿದ್ದಕ್ಕೆ ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕು. ಕ್ಷಮಾಪಣೆ ಬರೆದುಕೊಟ್ಟರೆ ಮುಗಿಸಿಬಿಡುತ್ತೇನೆ ಎಂದು ವೈದ್ಯಾಧಿಕಾರಿ ತಾವೇ ಹೇಳಿ ಕಳಿಸಿದರು, ಒಳ್ಳೆಯ ಮನಸ್ಸಿನಿಂದಲೇ. ಆದಿಲಕ್ಷ್ಮಮ್ಮ ಅರ್ಧ ಹಾಳೆಯಲ್ಲಿ ಬರೆದಳು: "ಮಾತಾಡಿದ್ದು ನಿಜ. ಮೂರು ವರ್ಷ ಮಾತಾಡದೆ ಇದ್ದುದಕ್ಕೆ ನನಗೆ ನೋಟಿಸು ಬರಬೇಕಾಗಿತ್ತು. ಗ್ರಾಮದಲ್ಲಿ ಶಾಂತಿ ಇರಲಿಲ್ಲ, ಸದ್ದು ಇರಲಿಲ್ಲ ಅಷ್ಟೆ." ವಾರ ಕಳೆಯುವುದರೊಳಗೆ ನೆಲಮಂಗಲ ತಾಲ್ಲೂಕಿನ ಆ ತುದಿಗೆ ವರ್ಗವಾಯಿತು.

ಹೊರಡುವ ಮುಂಚಿನ ಶನಿವಾರ ಅವಳು ಇನ್ನೊಂದು ತರಬೇತಿ ನಡೆಸಿದಳು. ಇದಕ್ಕೆ ಸುತ್ತೋಲೆಯಿರಲಿಲ್ಲ, ಹಾರವಿರಲಿಲ್ಲ. ಚೈತ್ರಳಿಗೆ ಫೋನು ಮಾಡಿ, ಅವತ್ತು ನಕ್ಕವರಲ್ಲಿ ನಾನೂ ಒಬ್ಬಳು, ಒಂದು ಸಲ ಬಂದು ಹೋಗಿ ಎಂದು ಕೇಳಿಕೊಂಡಿದ್ದಳು. ಅವಳು ಆ ಶನಿವಾರ ರಜೆ ಹಾಕಿ ಬಸ್ಸಿನಲ್ಲಿ ಬಂದಳು. ಭಾಗ್ಯಮ್ಮನ ಅಂಗನವಾಡಿಯಲ್ಲಿ, ಮಕ್ಕಳ ಚಾಪೆಯ ಮೇಲೆ ಹನ್ನೊಂದು ಹೆಂಗಸರು ಕೂತರು. ಮಗು ಬಂದು ಹೇಳಿಕೊಂಡರೆ ಮೊದಲು ಏನನ್ನಬೇಕು, ಯಾರಿಗೆ ಹೇಳಬಾರದು, ತಂದೆತಾಯಿಯ ಹತ್ತಿರ ಹೇಗೆ ಮಾತಾಡಬೇಕು, ಮನೆಯಲ್ಲಿ ಹೊಡೆತ ಬಿದ್ದರೆ ಎಲ್ಲಿ ಇರಿಸಬೇಕು, ಎಲ್ಲ ಬಿಡಿಬಿಡಿಯಾಗಿ ಮಾತಾಡಿಕೊಂಡರು. ಹೆಂಗಸರು ಕೇಳಿದ ಪ್ರಶ್ನೆಗಳಿಗೆ ಲಂಗುಲಗಾಮಿರಲಿಲ್ಲ. ಚೈತ್ರ ಯಾವುದಕ್ಕೂ ಮುಖ ಸಿಂಡರಿಸಲಿಲ್ಲ.

ಮನೋಹರ ತಾನಾಗಿ ಬಂದು ಬಾಗಿಲ ಪಕ್ಕ ಕೂತ. ಅಷ್ಟರಲ್ಲಿ ಅವನೂ ಅಮ್ಮಯಮ್ಮನೂ ಊರ ಮನೆ ಬಿಟ್ಟು ತೋಟದ ಮನೆ ಸೇರಿದ್ದರು. ಬೆಂಗಳೂರಿಗೆ ಹೋಗಿಬಿಡು ಎಂದು ಹಲವರು ಹೇಳಿದ್ದರು. "ನಾನ್ಯಾಕ್ ಹೋಗ್ಲಿ? ಆ ಬಳ್ಳಿ ನೆಟ್ಟೋನು ನಾನು," ಎಂದು ಅವನು ಜಗ್ಗಿರಲಿಲ್ಲ. ಗಂಗಣ್ಣ ತೋಟದ ಕಡೆ ಹೋಗುವುದನ್ನೇ ಬಿಟ್ಟಿದ್ದ.

ಕೊನೆಗೆ ಭಾಗ್ಯಮ್ಮ ಅವನನ್ನೇ ಕೇಳಿದಳು. "ಅವತ್ತು ನಾವು ಏನ್ ಮಾಡ್ಬೇಕಾಗಿತ್ತಪ್ಪ? ನೀನೇ ಹೇಳು, ತಿಳ್ಕಳ್ತೀವಿ."

"ಹೊಗೆ ಹಾಕ್ವಾಗ ನಾನು ಕಿರುಚ್ಕಂಡಿದ್ದು ಬೀದಿಗೆಲ್ಲ ಕೇಳ್ಸಿರ್ಬೇಕು ಭಾಗ್ಯಕ್ಕ. ಬೋ ಹೊತ್ತು ಕಿರುಚ್ದೆ. ಯಾರಾದ್ರೂ ಒಬ್ರು ಬಂದು ಬಾಗ್ಲು ಬಡೀಬೋದಿತ್ತು."

ಭಾಗ್ಯಮ್ಮನ ಮನೆ ಗಂಗಣ್ಣನ ಮನೆಗೆ ಎದುರು ಮನೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದಕ್ಕಿಂತ ದೊಡ್ಡ ಪಾಠ ಆ ದಿನ ಬೇರೆ ಇರಲಿಲ್ಲ.

ನೆಲಮಂಗಲಕ್ಕೆ ಹೋಗಿ ಡ್ಯೂಟಿಗೆ ಸೇರುವ ಮುಂಚೆ ಸಿಕ್ಕಿದ ಎರಡು ದಿನದಲ್ಲಿ ಆದಿಲಕ್ಷ್ಮಮ್ಮ ಹಿಂದೂಪುರಕ್ಕೆ ಹೋದಳು. ಮನೋಹರ ಕೊಟ್ಟ ಗುರುತು ಹಿಡಿದು ಅಂಜನ್‌ನ ಅಕ್ಕನ ಮನೆ ಹುಡುಕಿದಳು. ಅಕ್ಕ ಅರ್ಧ ತೆರೆದ ಬಾಗಿಲಲ್ಲೇ ನಿಂತು, ಅವನು ಬಂದಿದ್ದು ನಿಜ, ನನ್ನ ಗಂಡ ಇರಿಸಿಕೊಳ್ಳಲಿಲ್ಲ, ಎಲ್ಲಿಗೆ ಹೋದನೋ ಗೊತ್ತಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಆದಿಲಕ್ಷ್ಮಮ್ಮ ಟೈಲರ್ ಅಂಗಡಿಗಳಿದ್ದ ಬೀದಿಯಲ್ಲಿ ಮಧ್ಯಾಹ್ನವೆಲ್ಲ ವಿಚಾರಿಸಿದಳು. ಯಾರೂ ಅವನನ್ನು ಕಂಡಿರಲಿಲ್ಲ. ಮನೋಹರನಿಗೆ ಒಬ್ಬ ತಾಯಿ ಕೊನೆಗಾದರೂ ಎದ್ದು ನಿಂತಳು. ಅಂಜನ್‌ಗಾಗಿ ಎರಡು ಊರಿನಲ್ಲಿ ಯಾರೊಬ್ಬರೂ ಏಳಲಿಲ್ಲ. ಅವನ ಮಿಷನ್ ರಸ್ತೆಗೆ ಬಿದ್ದಾಗ ನೋಡುತ್ತ ನಿಂತಿದ್ದ ಜನರ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ.

ಹೊಸ ಊರಿನಲ್ಲಿ ಸಾಮಾನು ಬಿಚ್ಚುವ ಮೊದಲೇ ಅವಳು ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು ಬರುವ ಗುರುವಾರ ಒಂದು ತರಬೇತಿಗೆ ಶಾಲೆಯ ಹಾಲ್ ಬೇಕೆಂದು ಕೇಳಿದಳು.

"ಪೋಲಿಯೋ ವಿಷಯವಾ ಸಿಸ್ಟರ್?" ಎಂದರು ಆತ.

"ಅಲ್ಲ ಸಾರ್," ಎಂದು ಎದುರಿನ ಕುರ್ಚಿ ಎಳೆದುಕೊಂಡು ಕೂತು, ಆದಿಲಕ್ಷ್ಮಮ್ಮ ಮೊದಲಿನಿಂದ ಹೇಳತೊಡಗಿದಳು. ಅವಳ ದನಿ ಏರುತ್ತಿದ್ದುದನ್ನು ಕಂಡು ಆತ ಎದ್ದು ಬಾಗಿಲು ಹಾಕಲು ಹೋದರು.

"ಹಾಕ್ಬೇಡಿ," ಎಂದಳು. "ತೆರೆದೇ ಇರಲಿ."